ಸ್ಟೆಪ್ನಿ ಕಂಡ ವಾದಿ

ನಾನು ಒಂದು ಸ್ಟೆಪ್ನಿ. ನಗುವವರು ಈಗಲೇ ನಕ್ಕುಬಿಡಿ, ನನಗೆ ಅದು ರೂಢಿಯಾಗಿದೆ. ಗಾಡಿಯ ನಾಲ್ಕು ಚಕ್ರಗಳಿಗೆ ಇರುವ ಮರ್ಯಾದೆ ಐದನೆಯದಕ್ಕೆ ಎಲ್ಲಿಂದ ಬರಬೇಕು? ಅವರು ಓಡುತ್ತಾರೆ, ನಾನು ಗಾಡಿಯ ಬೆನ್ನಿಗೆ ನೇತಾಡುತ್ತೇನೆ. ಅವರಿಗೆ ಎದುರಿನ ದಾರಿ ಕಾಣುತ್ತದೆ, ನನಗೆ ಬಿಟ್ಟುಬಂದದ್ದು ಮಾತ್ರ ಕಾಣುತ್ತದೆ. ನನಗೊಂದು ಕೆಲಸ ಸಿಗಬೇಕೆಂದರೆ ಅವರಲ್ಲಿ ಯಾರಿಗಾದರೂ ಕೇಡಾಗಬೇಕು. ಹೀಗಿರುವಾಗ ನೆಮ್ಮದಿ ಅನ್ನುವುದು ಹೇಗೆ ಬಂದೀತು ಹೇಳಿ! ಎಲ್ಲೋ 'ಪುಸ್' ಎಂದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕಾದ ರಬ್ಬರಿನ ವಾಸನೆ, ಉಗಿ, ಒಳಗೆ ಉಕ್ಕಿನ ತಂತಿಯ ಹೊಲಿಗೆ. ಐದು ಮಂದಿ ಅಣ್ಣತಮ್ಮಂದಿರು ಒಂದೇ ದಿನ ಒಂದೇ ಅಚ್ಚಿನಿಂದ ಹೊರಬಿದ್ದೆವು. ಮೈತುಂಬ ಎಳೆಎಳೆಯಾದ ರಬ್ಬರ್ ಕೂದಲು. ರಸ್ತೆಗಿಳಿದ ನಾಲ್ವರ ಕೂದಲು ಮೊದಲ ತಿಂಗಳಲ್ಲೇ ಸವೆದುಹೋಯಿತು. ನನ್ನದು ವರ್ಷಗಳು ಉರುಳಿದರೂ ಹಾಗೆಯೇ ಇತ್ತು. ಅದನ್ನು ನೋಡಿ ನಾನು ಇನ್ನೂ ಹೊಸದೆಂದು ಎಲ್ಲರೂ ತಿಳಿದರು. ಕೂದಲ ಬುಡದಲ್ಲಿ ಸಣ್ಣಗೆ ಬಿರುಕು ಬಿಡುತ್ತಿದ್ದದ್ದು ಯಾರಿಗೂ ಕಾಣಲಿಲ್ಲ.

ನನ್ನನ್ನು ಹೊತ್ತ ಗಾಡಿ ಒಂದು ಫೋರ್ ವೀಲ್, ಹಡಗು ಹತ್ತಿ ಒಮಾನ್ ದೇಶಕ್ಕೆ ಬಂತು. ಮೊದಲ ಯಜಮಾನ ಖಲ್ಫಾನ್, ಒಳನಾಡಿನ ಒಂದು ಊರಿನ ಶಾಲಾ ಮೇಷ್ಟ್ರು. ಒಳ್ಳೆಯ ಮನುಷ್ಯ. ಶುಕ್ರವಾರಕ್ಕೊಮ್ಮೆ ನನ್ನನ್ನೂ ಸೇರಿಸಿ ಐದು ಚಕ್ರ ತೊಳೆಯುತ್ತಿದ್ದ. ಅವನ ಮನೆಮಂದಿ ಮಾತಾಡುವುದನ್ನು ಕೇಳಿ ಕೇಳಿ ನಾನೂ ಅಷ್ಟಿಷ್ಟು ಅರಬಿ ಕಲಿತೆ.

ಆ ನಾಡಿನಲ್ಲಿ ಬೆಟ್ಟಗಳ ನಡುವಿನ ಆಳವಾದ ಕಣಿವೆಗೆ 'ವಾದಿ' ಎನ್ನುತ್ತಾರೆ. ವರ್ಷವಿಡೀ ಒಣಗಿ ಬಿದ್ದಿರುವ ಕಲ್ಲಿನ ಹೊಳೆ ಅದು. ಎಲ್ಲೋ ಮೇಲೆ ಬೆಟ್ಟದಲ್ಲಿ ಮಳೆ ಬಿದ್ದರೆ ಕಣಿವೆಯೊಳಗೆ ಒಮ್ಮೆಲೇ ನೀರು ನುಗ್ಗುತ್ತದೆ. ಆ ನೀರಿಗೂ 'ವಾದಿ' ಎಂದೇ ಹೆಸರು. ಒಂದು ಮಧ್ಯಾಹ್ನ ಖಲ್ಫಾನನ ಮನೆಯವರೆಲ್ಲ ಒಣ ಕಣಿವೆಯಲ್ಲಿ ಚಾಪೆ ಹಾಸಿ ಊಟಕ್ಕೆ ಕೂತಿದ್ದರು. ಫೋನು ಬಂತು. ಆ ಕಡೆಯಿಂದ ಎರಡೇ ಶಬ್ದ: "ವಾದಿ ಜಾಯ್." ವಾದಿ ಬರುತ್ತಿದೆ ಎಂದು. ಖಲ್ಫಾನ್ ಬಾಯಿಗಿಟ್ಟ ತುತ್ತನ್ನು ಉಗುಳಿ, ಮಕ್ಕಳನ್ನು ಎತ್ತಿ ಗಾಡಿಗೆ ಎಸೆದು, ದಡ ಹತ್ತಿಸಿಯೇ ಉಸಿರು ಬಿಟ್ಟ. ಆಕಾಶ ನೀಲಿಯಾಗಿಯೇ ಇತ್ತು. ಕಾಲು ಗಂಟೆಯಲ್ಲಿ ಕೆಸರು ನೀರು ಬಂದು ಚಾಪೆಯನ್ನೂ ಅನ್ನದ ಹಂಡೆಯನ್ನೂ ಹೊತ್ತುಕೊಂಡು ಹೋಯಿತು. ಹಿಂದೆ ನೇತಾಡುತ್ತಿದ್ದ ನಾನು ಎಲ್ಲವನ್ನೂ ಕಂಡೆ. ಅಂದಿನಿಂದ ಆ ಎರಡು ಶಬ್ದ ಕೇಳಿದರೆ ನನ್ನ ತಂತಿಗಳೆಲ್ಲ ಬಿಗಿಯಾಗುತ್ತವೆ.

ಆರು ವರ್ಷದ ಮೇಲೆ ಖಲ್ಫಾನ್ ಗಾಡಿ ಮಾರಿದ. ಅಷ್ಟರಲ್ಲಿ ನನ್ನ ಜೊತೆ ಹುಟ್ಟಿದ ನಾಲ್ವರೂ ಸವೆದು ಹೋಗಿ ಬೇರೆ ನಾಲ್ವರು ಬಂದಿದ್ದರು. ಕೊಂಡವರು ಕುಂದಾಪುರ ಕಡೆಯ ಮಹಾಬಲ ದೇವಾಡಿಗರು. ಮಸ್ಕತ್ತಿನಲ್ಲಿ ಏಸಿ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಗಾಡಿಯ ಸುತ್ತ ಒಂದು ಸುತ್ತು ಬಂದು, ನನಗೆ ಬೂಟುಗಾಲಿನಲ್ಲಿ ಒಂದು ಒದೆ ಕೊಟ್ಟು, "ಲಾಯ್ಕ್ ಇತ್ತ್ ಮಾರಾಯ, ಸ್ಟೆಪ್ನಿ ನೆಲವೇ ಕಾಣ್ಲಿಲ್ಲೆ" ಎಂದರು. ಅಷ್ಟೇ ಪರೀಕ್ಷೆ. ಆಮೇಲೆ ನಾಲ್ಕು ವರ್ಷ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಟಯರಿನ ಗಾಳಿ ಸುಮ್ಮನೆ ಕೂತರೂ ಸೋರುತ್ತದೆ, ತಿಂಗಳಿಗೆ ಒಂದಿಷ್ಟು. ನನ್ನೊಳಗೆ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಆ ಗುಟ್ಟು ನನಗೆ ಮಾತ್ರ ಗೊತ್ತಿತ್ತು, ಅದೇ ನನ್ನ ಹಗಲಿರುಳಿನ ಚಿಂತೆಯಾಗಿತ್ತು.

ಮಹಾಬಲರು ಕೆಟ್ಟವರಲ್ಲ. ಕೈಯೆತ್ತಿ ಕೊಡುವ ಮನುಷ್ಯ, ನಗಿಸುವ ಮನುಷ್ಯ. ಆದರೆ ಅವರಿಗೆ ಒಂದು ಜಂಬ ಇತ್ತು, ಹಿಂದಿಯದು. ಇಪ್ಪತ್ತೆರಡು ವರ್ಷ ಆ ದೇಶದಲ್ಲಿದ್ದೂ ಸಲಾಮ್ ಒಂದು ಬಿಟ್ಟರೆ ಅರಬಿ ಕಲಿಯಲಿಲ್ಲ. "ಎಂತಕ್ಕೆ ಕಲೀಕ್? ಇಲ್ಲಿಯೋರಿಗೆಲ್ಲ ಹಿಂದಿ ಬತ್ತಿತ್. ಅಂಗಡಿಯಂಗೆ ಹಿಂದಿ, ಪೊಲೀಸಿಗೆ ಹಿಂದಿ, ಕುರಿ ಕಾವೋರಿಗೂ ಹಿಂದಿ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಮಸ್ಕತ್ತಿನ ಜನ ಅವರ ಹಿಂದಿಗೆ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದರು. ಎರಡನೆಯ ಸಲ ಕೇಳುವುದು, ಹಿಂದಕ್ಕೆ ತಿರುಗುವುದು, ಇವೆರಡೂ ಅವರ ಜಾಯಮಾನದಲ್ಲಿ ಇರಲಿಲ್ಲ.

ಅವರ ಹೆಂಡತಿ ಗುಲಾಬಿ. ಮಾತು ಕಡಿಮೆ, ಕಣ್ಣು ಚುರುಕು. ಗಾಡಿಯಲ್ಲಿ ಕೂತರೆ ಎದುರಿನ ಹಿಡಿಕೆಯನ್ನು ಬಿಡುತ್ತಲೇ ಇರಲಿಲ್ಲ. ಆಕೆಯನ್ನು ಕಂಡರೆ ನನಗೆ ಸ್ವಂತದವರನ್ನು ಕಂಡ ಹಾಗಾಗುತ್ತಿತ್ತು. ಹೆದರುವವರು ಹೆದರುವವರನ್ನು ಬೇಗ ಗುರುತಿಸುತ್ತಾರೆ.

ಆ ಚಳಿಗಾಲ ಗುಲಾಬಿಯ ತಮ್ಮ ಸಂಜೀವ ಊರಿನಿಂದ ಬಂದ. ಗಂಗೊಳ್ಳಿಯ ಬಂದರಿನಲ್ಲಿ ಐಸ್ ಪ್ಲಾಂಟ್ ನೋಡಿಕೊಳ್ಳುವವನು, ಬಾವನ ಹಾಗೆಯೇ ಬಾಯಿ ಜೋರು. ಬಾವ ಮೈದುನನಿಗೆ ಮರುಭೂಮಿ ತೋರಿಸುವ ಸಡಗರದಲ್ಲಿ ಒಂದು ದೊಡ್ಡ ಲೆಕ್ಕಾಚಾರ ಹಾಕಿದರು. ಶುಕ್ರವಾರ ಮೇಲಿನ ಬಯಲಿಗೆ ಹತ್ತುವುದು, ರಾತ್ರಿ ಅಲ್ಲೇ ಡೇರೆ ಹಾಕುವುದು, ಶನಿವಾರ ದೊಡ್ಡ ವಾದಿಯೊಳಗೆ ಇಳಿದು ಅದರ ಬಾಯಿಯಿಂದ ಸಮುದ್ರದ ಕಡೆಯ ರಸ್ತೆಗೆ ಸೇರುವುದು.

"ಬಂದ್ ದಾರಿಯಂಗೇ ವಾಪಾಸ್ ಬಪ್ಪುಕೆ ಆತಿಲ್ಯಾ?" ಎಂದು ಗುಲಾಬಿ ಕೇಳಿದಳು.

"ಬಂದ್ ದಾರಿಯಂಗೇ ಹೋಪುಕೆ ಇಷ್ಟ್ ದೊಡ್ಡ ಗಾಡಿ ಎಂತಕ್ಕೆ?" ಎಂದರು ಮಹಾಬಲರು. ಮಾತು ಅಲ್ಲಿಗೆ ಮುಗಿಯಿತು.

ಗಂಜಿ, ಕೋಳಿ ಸುಕ್ಕ, ಒಣ ಸಿಗಡಿ ಚಟ್ನಿ, ನೀರಿನ ಕ್ಯಾನು, ಡೇರೆ, ಟಯರಿಗೆ ಗಾಳಿ ತುಂಬುವ ಪಂಪು. ಎಲ್ಲ ತುಂಬಿಸಿಕೊಂಡು ಹೊರಟೆವು. ಡಾಂಬರು ಮುಗಿದ ಮೇಲೆ ಮರಳು. ಅಲ್ಲಿ ಟಯರಿನ ಗಾಳಿ ಇಳಿಸಬೇಕು, ಮೆತ್ತಗಾದ ಟಯರು ನೆಲವನ್ನು ಚೆನ್ನಾಗಿ ಅಪ್ಪಿಕೊಳ್ಳುತ್ತದೆ. ಮಹಾಬಲರು ನಾಲ್ಕರದ್ದೂ ಇಳಿಸಿದರು. ಮರಳು ದಾಟಿ, ಸಣ್ಣ ಸಣ್ಣ ಕಣಿವೆಗಳಲ್ಲಿ ನುಸುಳಿ, ಕೆಂಪು ಬಂಡೆ, ಹಸಿರು ಬಂಡೆ, ಸುಟ್ಟ ಬೆಲ್ಲದ ಬಣ್ಣದ ಬಂಡೆ ನೋಡುತ್ತ ಏರಿದೆವು. ಒಂದೊಂದು ತಿರುವಿನಲ್ಲೂ ನನ್ನ ಮೈ ಬಂಡೆಗೆ ಒಂದು ಗೇಣಿನಷ್ಟು ದೂರ. ನಾನು ಕಣ್ಣು ಮುಚ್ಚಿಕೊಂಡೆ ಎಂದು ಹೇಳಬಹುದಿತ್ತು, ಆದರೆ ಟಯರಿಗೆ ಆ ಸುಖ ಇಲ್ಲ.

ಸಂಜೀವ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತ ನಗುತ್ತಿದ್ದ. "ಬಾವಾ, ಇಷ್ಟ್ ದೊಡ್ಡ ಹೊಳಿ, ಒಂದ್ ತಂಬ್ಗಿ ನೀರಿಲ್ಲೆ! ನಮ್ಮ ಗಂಗೊಳ್ಳಿಯೋರಿಗೆ ತೋರ್ಸ್ರೆ ನಂಬ್ತ್ರಿಲ್ಲೆ."

ಸಂಜೆ ಮೇಲಿನ ಬಯಲಿನಲ್ಲಿ ಡೇರೆ ಎದ್ದಿತು. ಬೆಂಕಿ ಹಾಕಿ, ಊಟ ಮಾಡಿ, ಬಾವ ಮೈದುನ ಇಬ್ಬರೂ ಊರಿನ ಸುದ್ದಿಗಳನ್ನು ಒಂದೊಂದಾಗಿ ಹೆಕ್ಕಿ ನಕ್ಕರು. ಗುಲಾಬಿ ಮಾತ್ರ ಪದೇ ಪದೇ ಬೆಟ್ಟದ ಸಾಲಿನ ಕಡೆ ನೋಡುತ್ತಿದ್ದಳು. ಅಲ್ಲಿ ಸದ್ದಿಲ್ಲದೆ ಮಿಂಚುತ್ತಿತ್ತು.

"ಹ್ವಾಯ್, ಅಲ್ಲ್ ಕಾಣಿ, ಮಿಂಚ್ತಾ ಇತ್ತಲೆ."

"ಅದ್ ಐವತ್ತ್ ಕಿಲೋಮೀಟರ್ ಆಚಿಗೆ. ಮರುಭೂಮಿಯಂಗೆ ಮಳಿ ಬಪ್ದಾ? ನೀ ಸುಮ್ನೆ ಮನಿಕೊ."

ಆಕೆಗೆ ನಿದ್ದೆ ಬರಲಿಲ್ಲ. ಡೇರೆಯಿಂದ ಎದ್ದು ಬಂದು, ಶಾಲು ಹೊದ್ದು, ಗಾಡಿಯ ಹಿಂದೆ ನನಗೆ ಒರಗಿ ಕೂತಳು. ಮೇಲೆ ಮಳೆಯಾದರೆ ಕೆಳಗೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹೇಳುವುದು ಹೇಗೆ? ನನಗಿರುವುದು ಗಾಳಿ ಬಿಡುವ ಒಂದೇ ಬಾಯಿ, ಅದಕ್ಕೂ ಮುಚ್ಚಳ ಹಾಕಿದ್ದರು.

ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅದನ್ನು ಕಂಡು ಗುಲಾಬಿಯೂ ಒಂಚೂರು ನಕ್ಕಳು. ಮುಂದೆ ಚೂಪು ಕಲ್ಲಿನ ದಾರಿ, ಮೆತ್ತಗಿದ್ದರೆ ಟಯರು ಸೀಳುತ್ತದೆ. ಮಹಾಬಲರು ಪಂಪು ಹಚ್ಚಿ ನಾಲ್ಕಕ್ಕೂ ಗಾಳಿ ತುಂಬಿಸಿದರು.

"ಬಾವಾ, ಐದನೇದ್ಕೆ?" ಎಂದ ಸಂಜೀವ.

"ಅದ್ ಹೊಸ್ತ್ ಮಾರಾಯ. ಬಿಡ್."

ನನಗೆ ಅಳು ಬಂತು. ನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದರು, ಉತ್ತರ ಅಷ್ಟಕ್ಕೇ ಮುಗಿಯಿತು.

ವಾದಿಗೆ ಇಳಿಯುವ ಜಾಗದಲ್ಲಿ ಒಬ್ಬಳು ಅಜ್ಜಿ ಆಡು ಮೇಯಿಸುತ್ತಿದ್ದಳು. ಮುಖಕ್ಕೆ ಅಲ್ಲಿನ ಹೆಂಗಸರು ಹಾಕುವ ಗಟ್ಟಿ ಮುಸುಕು, ಕಣ್ಣು ಎರಡು ಮಾತ್ರ ಕಾಣುತ್ತಿತ್ತು. ಕೈಯಲ್ಲಿ ಕೋಲು. ಆಡುಗಳನ್ನು ಆಕೆ ಕಣಿವೆಯಿಂದ ಮೇಲಕ್ಕೆ ಅಟ್ಟುತ್ತಿದ್ದಳು. ಗಾಡಿ ಕಂಡಿದ್ದೇ ಓಡಿ ಬಂದಳು.

ಮಹಾಬಲರು ಗಾಜು ಇಳಿಸಿ, "ಅಮ್ಮಾಜಿ, ನೀಚೇ ರಾಸ್ತಾ ಠೀಕ್ ಹೈ?" ಎಂದು ಕೇಳಿದರು.

ಅಜ್ಜಿ ಕೈಯನ್ನು ಕಣಿವೆಯ ಮೇಲಿನಿಂದ ಕೆಳಕ್ಕೆ ಬೀಸುತ್ತ ಕೂಗಿದಳು: "ವಾದಿ ಜಾಯ್! ವಾದಿ ಜಾಯ್!"

ನನ್ನ ತಂತಿಗಳೆಲ್ಲ ಬಿಗಿಯಾದವು. ಮಹಾಬಲರ ಮುಖ ಮಾತ್ರ ಅರಳಿತು. "ಕಂಡ್ಯಾ ಸಂಜೀವಾ! ನಾ ಹೇಳ್ಲಿಲ್ಯಾ, ಆಡ್ ಕಾವೋರಿಗೂ ಹಿಂದಿ ಬತ್ತಿತ್. ವಾದಿ ಜಾಯ್ ಅಂದ್ರೆ ವಾದಿಗೆ ಹೋಯ್ನಿ ಅಂಬ್ರ್. ಕೈ ಬೀಸಿ ದಾರಿಯೂ ತೋರ್ಸ್ತ್ರ್, ಪಾಪ."

ಅಯ್ಯೋ ದೇವರೇ! ಅರಬಿಯ ಬರುವುದು ಅವರ ಹಿಂದಿಯ ಕಿವಿಗೆ ಹೋಗುವುದಾಯಿತು. ಹಿಂದಿ ಬಾರದವರಾಗಿದ್ದರೆ ಅರ್ಥವಾಗಲಿಲ್ಲವೆಂದು ಇಳಿದು ಕೇಳುತ್ತಿದ್ದರು. ಅರಬಿ ಬಲ್ಲವರಾಗಿದ್ದರೆ ಗಾಡಿ ತಿರುಗಿಸುತ್ತಿದ್ದರು. ನಮ್ಮವರು ಎರಡರ ನಡುವೆ ಸಿಕ್ಕಿಬಿದ್ದಿದ್ದರು.

ಗುಲಾಬಿ ಹಿಡಿಕೆ ಬಿಡಲಿಲ್ಲ. "ಅವ್ರ್ ಕಣ್ಣ್ ಕಾಣಿ. ಹೋಯ್ನಿ ಅಂಬೋರ್ ಹಾಂಗೆ ಕಿರ್ಚುದಾ? ಒಂದ್ ಸಲಿ ಇಳ್ದ್ ಕೇಣಿ, ದಮ್ಮಯ್ಯ."

"ಕೇಂಡಾಯ್ತಲೆ! ಎಷ್ಟ್ ಸಲಿ ಕೇಂಬುದು?" ಎಂದು ಮಹಾಬಲರು, "ಶುಕ್ರಿಯಾ ಅಮ್ಮಾಜಿ!" ಎಂದು ಕೈಮುಗಿದು ಗಾಡಿ ಬಿಟ್ಟೇಬಿಟ್ಟರು.

ಅಜ್ಜಿ ಹಿಂದೆ ಓಡಿ ಬಂದಳು. ಕೋಲಿನಿಂದ ಗಾಡಿಯ ಬೆನ್ನಿಗೆ ಹೊಡೆದಳು, ಆ ಪೆಟ್ಟು ಬಿದ್ದದ್ದು ನನಗೆ. ಒಳಗೆ ಹಾಡು ಹಾಕಿದ್ದರು, ಯಾರಿಗೂ ಕೇಳಲಿಲ್ಲ. ಮೊದಲ ತಿರುವಿನಲ್ಲಿ ಆಕೆ ನಿಂತು, ಏದುಸಿರು ಬಿಡುತ್ತ, ಉಡುಪಿನೊಳಗಿಂದ ಮೊಬೈಲ್ ತೆಗೆಯುತ್ತಿದ್ದದ್ದು ನನಗೊಬ್ಬನಿಗೇ ಕಂಡಿತು. ಆಮೇಲೆ ಬಂಡೆ ಅಡ್ಡ ಬಂತು.

ಕಣಿವೆ ಇಳಿದಂತೆ ಕಿರಿದಾಯಿತು. ಎರಡೂ ಕಡೆ ನೂರಾಳೆತ್ತರದ ಗೋಡೆ, ಮೇಲೆ ನೀಲಿ ಪಟ್ಟಿ. ಕೆಳಗಿನ ಬಂಡೆಯ ಮೇಲೆ, ಆಳೆತ್ತರದಲ್ಲಿ, ಒಣಗಿದ ತಾಳೆಗರಿ ಸಿಕ್ಕಿಕೊಂಡಿತ್ತು. ಅದನ್ನು ಅಲ್ಲಿ ಇಟ್ಟವರು ಯಾರು ಎಂದು ಸಂಜೀವ ಕೇಳಿದ. ನೀರು ಇಟ್ಟಿತ್ತು, ಇನ್ನಾರು!

ಮುಕ್ಕಾಲು ಗಂಟೆ ಹೋಗಿರಬಹುದು. ಒಂದು ಚೂಪು ಕಲ್ಲು ಎಡಗಡೆಯ ಹಿಂದಿನ ಟಯರಿನ ಪಕ್ಕೆಯನ್ನು ಸೀಳಿತು. ಗಾಡಿ ಕುಂಟಿ ನಿಂತಿತು. ಹತ್ತು ವರ್ಷ ನಾನು ಕಾದ ಗಳಿಗೆ ಅದು. ಸಂತೋಷವಾಗಬೇಕಿತ್ತು, ಆದರೆ ನನಗೆ ಕೈಕಾಲಿದ್ದಿದ್ದರೆ ಅವು ತಣ್ಣಗಾಗುತ್ತಿದ್ದವು. ಈಗ ಇವರ ಮೂರು ಜೀವಗಳ ಭಾರ ನನ್ನ ಮೇಲೆ, ನನ್ನೊಳಗೋ ಅರ್ಧ ಗಾಳಿಯೂ ಇಲ್ಲ.

ಜಾಕಿ ಮರಳಿನಲ್ಲಿ ಹುಗಿಯಿತು. ಗುಲಾಬಿ ಚಪ್ಪಟೆ ಕಲ್ಲು ತಂದು ಅಡಿಗೆ ಕೊಟ್ಟಳು. ಸಂಜೀವ ನನ್ನನ್ನು ಬಿಚ್ಚಿ ಇಳಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದ. "ಬಾವಾ, ಇದ್ ಮೆತ್ತಗಿತ್ತಲೆ! ಹೊಸ್ತ್ ಅಂದ್ರಲೆ!"

"ಮೊದ್ಲ್ ಹಾಕ್. ಮತ್ತೆ ಪಂಪ್ ಹಚ್ವ," ಎಂದರು ಮಹಾಬಲರು. ಬೆವರು ಇಳಿಯುತ್ತಿತ್ತು.

ಕೊನೆಯ ನಟ್ಟು ಬಿಗಿಯುತ್ತಿರುವಾಗ ಗುಲಾಬಿ ಕೂಗಿದಳು. ಒಣ ಕಲ್ಲುಗಳ ನಡುವೆ ಬೆರಳಿನಷ್ಟು ದಪ್ಪದ ನೀರು ಹರಿದು ಬರುತ್ತಿತ್ತು. ಮುಂದೆ ನೊರೆ, ಆಡಿನ ಹಿಕ್ಕೆ, ಕಡ್ಡಿ. ಆಕೆಯ ಚಪ್ಪಲಿಯನ್ನು ಮುಟ್ಟಿ ಎರಡಾಗಿ ಕವಲೊಡೆಯಿತು. ಮೂವರೂ ಅದನ್ನೇ ನೋಡುತ್ತ ಒಂದು ಕ್ಷಣ ನಿಂತುಬಿಟ್ಟರು. ಆಮೇಲೆ ದೂರದಲ್ಲಿ ಅಕ್ಕಿ ಗಿರಣಿ ಶುರುವಾದ ಹಾಗೆ ಒಂದು ಸದ್ದು.

"ಗಾಳಿ ಹಾಕುಕೆ ಐದೇ ನಿಮ್ಷ..." ಎಂದರು ಮಹಾಬಲರು.

"ಐದ್ ನಿಮ್ಷ ಇಲ್ಲೆ!" ಗುಲಾಬಿ ತಮ್ಮನನ್ನು ತಳ್ಳಿ ಗಾಡಿಗೆ ಹತ್ತಿಸಿದಳು. ಜಾಕಿ, ಪಂಪು, ನೀರು ಕುಡಿಯಲು ಇಳಿಸಿದ್ದ ಕ್ಯಾನು, ಸೀಳಿದ ಟಯರು ಎಲ್ಲವೂ ಬಿದ್ದಲ್ಲೇ ಬಿದ್ದವು.

ಗಾಡಿ ಹಾರಿತು. ನನಗೆ ನೆಲದ ರುಚಿ ಮೊದಲ ಸಲ ಸಿಕ್ಕಿದ್ದು ಹಾಗೆ, ಪ್ರಾಣಭಯದಲ್ಲಿ. ಒಂದೊಂದು ಕಲ್ಲಿಗೂ ನನ್ನ ಮೈ ಮಡಚಿ, ರಿಮ್ಮು ನೆಲಕ್ಕೆ ಬಡಿಯುತ್ತಿತ್ತು. ಹಳೆಯ ಬಿರುಕುಗಳು ಬಾಯಿ ತೆರೆಯುತ್ತಿದ್ದವು. ತಡಕೋ, ತಡಕೋ ಎಂದು ನನಗೆ ನಾನೇ ಹೇಳಿಕೊಂಡೆ. ಹಿಂದಿನ ಗಿರಣಿಯ ಸದ್ದು ಹತ್ತಿರವಾಗುತ್ತಲೇ ಇತ್ತು. ಪಕ್ಕದಲ್ಲಿ ನೀರು ನನ್ನ ರಿಮ್ಮಿನ ಮಟ್ಟಕ್ಕೆ ಬಂತು.

ಒಂದು ತಿರುವು ದಾಟಿದ ಕೂಡಲೇ ಬಲಗಡೆ ದಿಬ್ಬದ ಮೇಲೆ ಒಬ್ಬ ಗಂಡಸು ಕಂಡ. ತಲೆಗೆ ಸುತ್ತುವ ಬಟ್ಟೆಯನ್ನು ಬಿಚ್ಚಿ ಹುಚ್ಚನ ಹಾಗೆ ಬೀಸುತ್ತಿದ್ದ. ಅವನ ಕಾಲ ಬುಡದಿಂದ ಕೆಳಕ್ಕೆ ಸಡಿಲು ಜಲ್ಲಿಯ ಒಂದು ಇಳಿಜಾರು, ಕತ್ತೆಗಳು ಹತ್ತುವ ದಾರಿ.

"ಇನ್ನೆರಡ್ ಕಿಲೋಮೀಟರಿಗೆ ವಾದಿಯ ಬಾಯಿ ಸಿಕ್ಕತ್ತ್," ಎಂದು ಮಹಾಬಲರು ಸ್ಟೇರಿಂಗ್ ನೆಟ್ಟಗೆ ಹಿಡಿದರು. "ಅದ್ ಗಾಡಿ ಹತ್ತುವ ಜಾಗ ಅಲ್ಲ."

ಗುಲಾಬಿ ಹಿಡಿಕೆ ಬಿಟ್ಟಳು. ಎರಡೂ ಕೈಯಿಂದ ಸ್ಟೇರಿಂಗನ್ನು ಬಲಕ್ಕೆ ಎಳೆದಳು. "ಒಂದ್ ಸಲಿ ಕೇಣಿ ಅಂದೆ, ಕೇಣ್ಲಿಲ್ಲೆ. ಈಗ ನಾ ಹೇಳ್ದಲ್ಲಿಗೆ ಹೋಯ್ನಿ! ಹತ್ತಿಸಿ!"

ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಆಕೆ ಹಾಗೆ ಮಾತಾಡಿದ್ದು ಅದೇ ಮೊದಲು. ಮಹಾಬಲರು ಹತ್ತಿಸಿದರು.

ಗಾಡಿ ಅರ್ಧ ಏರಿ ನಿಂತಿತು. ಗಾಳಿ ತುಂಬಿ ಗಟ್ಟಿಯಾಗಿದ್ದ ಮೂರು ಚಕ್ರಗಳು ಗರಗರ ತಿರುಗಿ ಜಲ್ಲಿಯನ್ನು ಹಿಂದಕ್ಕೆ ಉಗುಳಿದವು, ಮುಂದೆ ಒಂದು ಅಂಗುಲ ಹೋಗಲಿಲ್ಲ. ಗಾಡಿ ಹಿಂದಕ್ಕೆ ಜಾರಿತು. ಸಂಜೀವ ದೇವರ ಹೆಸರನ್ನೆಲ್ಲ ಒಟ್ಟಿಗೇ ಕರೆದ. ಆಗ ನಾನು ಏನು ಮಾಡಿದೆ ಎಂದು ಹೇಳಿಕೊಂಡರೆ ಜಂಬವಾದೀತು. ನಾನೇನೂ ಮಾಡಲಿಲ್ಲ. ನಾನು ಮೆತ್ತಗಿದ್ದೆ, ಅಷ್ಟೇ. ನನ್ನ ಮೈ ಚಪ್ಪಟೆಯಾಗಿ ಜಲ್ಲಿಯನ್ನು ಅಪ್ಪಿ ಹಿಡಿಯಿತು. ಯಾವ ಕೊರತೆಗೆ ನಾಲ್ಕು ವರ್ಷ ನಾಚಿ ಸತ್ತಿದ್ದೆನೋ ಅದೇ ಕೊರತೆ ಹಿಡಿತವಾಯಿತು. ಗಾಡಿ ಜಗ್ಗಿತು, ಮತ್ತೆ ಜಗ್ಗಿತು, ಏರಿತು. ಪಕ್ಕೆಯ ಒಂದೊಂದು ತಂತಿ ಕಡಿಯುವುದು ನನಗೆ ತಿಳಿಯುತ್ತಿತ್ತು. ದಿಬ್ಬದ ತಲೆಗೆ ಮುಟ್ಟಿದಾಗ ಇದ್ದ ಗಾಳಿಯೂ ಒಮ್ಮೆಲೇ ಹೊರಟುಹೋಯಿತು.

ಮೂವರೂ ಇಳಿದು ತಿರುಗಿ ನೋಡುವ ಹೊತ್ತಿಗೆ ವಾದಿ ಬಂತು. ಕಂದು ಬಣ್ಣದ ಗೋಡೆಯೊಂದು ತಿರುವಿನಲ್ಲಿ ತಲೆ ಹಾಕಿ, ನಾವು ಹತ್ತಿದ ಇಳಿಜಾರಿನ ಬುಡವನ್ನು ಒಂದೇ ತುತ್ತಿಗೆ ನುಂಗಿತು. ಒಂದು ಇಡೀ ಖರ್ಜೂರದ ಮರ ಬೇರು ಮೇಲೆ ಮಾಡಿಕೊಂಡು ಹೋಯಿತು. ಅದರ ಹಿಂದೆ ನಮ್ಮ ನೀರಿನ ಕ್ಯಾನು. ಎರಡು ಕಿಲೋಮೀಟರ್ ದೂರದ ವಾದಿಯ ಬಾಯಿಯನ್ನು ಆ ನೀರು ನಮಗಿಂತ ಮೊದಲು ಮುಟ್ಟುತ್ತಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಬಟ್ಟೆ ಬೀಸಿದವನ ಹೆಸರು ನಾಸರ್. ಟ್ಯಾಂಕರ್ ಓಡಿಸುವವನು, ಅವನಿಗೆ ನಿಜವಾಗಿ ಹಿಂದಿ ಬರುತ್ತಿತ್ತು. ಮೇಲೆ ಆಡು ಮೇಯಿಸುವ ಷಮ್ಸಾ ಅಜ್ಜಿ ಅವನ ತಾಯಿ. ಇಂಡಿಯಾದವರ ಒಂದು ಗಾಡಿ ವಾದಿಗೆ ಇಳಿದಿದೆ, ಹೇಗಾದರೂ ನಿಲ್ಲಿಸು ಎಂದು ಆಕೆ ಅಳುತ್ತ ಫೋನು ಮಾಡಿದ್ದಳಂತೆ. ಅವಳು ನಿಮಗೆ ಹೇಳಲಿಲ್ಲವೇ ಎಂದು ನಾಸರ್ ಕೇಳಿದ.

"ಹೇಳಿದ್ರು. 'ವಾದಿ ಜಾಯ್' ಅಂದ್ರು. ಹೋಗಿ ಅಂತ..." ಮಹಾಬಲರು ತಮ್ಮ ಹಿಂದಿಯಲ್ಲಿ ತಡವರಿಸಿದರು.

ನಾಸರ್ ಅವರನ್ನೇ ನೋಡಿದ. ನಗಲಿಲ್ಲ. ಜಾಯ್ ಎಂದರೆ ಅರಬಿಯಲ್ಲಿ ಬರುತ್ತಿದೆ ಎಂದರ್ಥ, ಎಂದು ಮೆಲ್ಲಗೆ ಹೇಳಿದ.

ಮಹಾಬಲರು ನನ್ನ ಪಕ್ಕದಲ್ಲಿ, ಬಿಸಿ ಕಲ್ಲಿನ ಮೇಲೆ ಕುಸಿದು ಕೂತರು. ಅಷ್ಟು ಹತ್ತಿರದಿಂದ ನಾನು ಅವರ ಮುಖ ನೋಡಿರಲಿಲ್ಲ. ಗುಲಾಬಿ ಬೈಯುತ್ತಾಳೆಂದು ನಾನು ಕಾದೆ. ಆಕೆ ಬೈಯಲಿಲ್ಲ.

"ನಾನ್ ಸಾಯ್ತೆ ಅಂದ್ಕಂಡ್ ಹೆದ್ರಲಿಲ್ಲೆ," ಎಂದಳು. "ಸಂಜೀವನ್ ಹೆಣ ತಕಂಡ್ ಹೆತ್ತ್ ಅಬ್ಬಿ ಎದ್ರ್ ಹ್ಯಾಂಗ್ ನಿಂತ್ಕಂಬುದ್ ಅಂದ್ಕಂಡ್ ಹೆದ್ರದ್ದ್."

ಮಹಾಬಲರು ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತರು. ಆಕೆ ಅವರ ತಲೆಯ ಮೇಲೆ ಕೈ ಇಟ್ಟಳು, ಬಹಳ ಹೊತ್ತಿನ ಮೇಲೆ.

ಮರುದಿನ ನೀರು ಇಳಿಯಿತು. ನಾಸರ್ ತನ್ನ ಜಾಕಿ ಹಚ್ಚಿ, ನನ್ನನ್ನು ಗಾಡಿಯಿಂದ ಬಿಚ್ಚಿ ಪಿಕಪ್ಪಿಗೆ ಎಸೆದು, ಮೂವರನ್ನೂ ಮೇಲಿನ ದಾರಿಯಲ್ಲಿ ತಾಯಿಯ ಹತ್ತಿರ ಕರೆದೊಯ್ದ. ಮಹಾಬಲರು ಊರಿನ ಪದ್ಧತಿಯಂತೆ ಅಜ್ಜಿಯ ಕಾಲಿಗೆ ಬೀಳಲು ಹೋದರು. ಮನುಷ್ಯರ ಕಾಲಿಗೆ ಬೀಳುವುದು ಅವಳಿಗೆ ಸರಿಬರುವ ಸಂಗತಿಯಲ್ಲ. ಗಾಬರಿಯಿಂದ ಹಿಂದೆ ಸರಿದು, ಕೋಲಿನಿಂದ ಅವರ ಭುಜಕ್ಕೆ ಒಂದು ಕೊಟ್ಟಳು. ಆಮೇಲೆ ಗುಲಾಬಿಯನ್ನು ಎದೆಗೆ ಒತ್ತಿಕೊಂಡು ಏನೇನೋ ಹೇಳುತ್ತ ಅತ್ತಳು. ಗುಲಾಬಿ ಕುಂದಾಪುರ ಕನ್ನಡದಲ್ಲಿ ಏನೇನೋ ಹೇಳುತ್ತ ಅತ್ತಳು. ಇಬ್ಬರಿಗೂ ಎಲ್ಲ ಅರ್ಥವಾದ ಹಾಗಿತ್ತು.

ನಾನು ಇನ್ನು ಗಾಡಿಗೆ ಆಗುವವನಲ್ಲ. ನಾಸರ್ ನನ್ನನ್ನು ರಿಮ್ಮಿನಿಂದ ಬಿಡಿಸಿ, ಸುತ್ತಲೂ ಕೊಯ್ದು ಎರಡು ಬಳೆ ಮಾಡಿ, ಆಡುಗಳಿಗೆ ನೀರು ಕುಡಿಸುವ ತೊಟ್ಟಿ ಮಾಡಿದ. ಒಂದು ಅರ್ಧ ಈ ಮೂಲೆಯಲ್ಲಿ, ಇನ್ನೊಂದು ಅರ್ಧ ಆ ಮೂಲೆಯಲ್ಲಿ. ನಾನು ಯಾವ ಅರ್ಧದಲ್ಲಿದ್ದೇನೆ ಎಂದು ಕೇಳಬೇಡಿ, ಅದನ್ನು ಯೋಚಿಸಿದರೆ ತಲೆ ಕೆಡುತ್ತದೆ.

ತಿಂಗಳೊಳಗೆ ಮಹಾಬಲರು ಮತ್ತೆ ಬಂದರು. ಏಸಿ ಪೈಪಿಗೆ ಬಳಸುವ ದೊಡ್ಡ ತಗಡು ತಂದಿದ್ದರು, ಕೆಂಪು ಪೇಂಟು, ಬ್ರಶ್ಶು. ವಾದಿಗೆ ಇಳಿಯುವ ಜಾಗದಲ್ಲಿ, ನನ್ನ ಎದುರಿಗೇ, ಎರಡು ಕಬ್ಬಿಣದ ಕಂಬ ಹುಗಿದು ತಗಡು ಬಿಗಿದರು. ಸೊಟ್ಟ ಸೊಟ್ಟ ಕನ್ನಡ ಅಕ್ಷರದಲ್ಲಿ ಬರೆದರು: "ದಮ್ಮಯ್ಯ, ಅಜ್ಜಿ ಕೈ ಬೀಸಿದರೆ ಇಳಿಯಬೇಡಿ. ನಿಮ್ಮ ಹಿಂದಿ ಸಾಲದು."

ಇದನ್ನು ಇಲ್ಲಿ ಯಾರು ಓದುತ್ತಾರೆ, ಅರಬಿಯಲ್ಲಿ ಬರೆಯಬಾರದೇ ಎಂದು ನಾಸರ್ ಕೇಳಿದ. ಮಹಾಬಲರು ಬ್ರಶ್ಶು ಒರೆಸುತ್ತ, ಅರಬಿ ಬಲ್ಲವರಿಗೆ ನಿನ್ನ ತಾಯಿ ಸಾಕು, ಇದು ನನ್ನಂಥವರಿಗೆ ಎಂದರು.

ಎರಡು ವರ್ಷ ಆ ಬೋರ್ಡನ್ನು ಓದಿದವರು ಯಾರೂ ಇಲ್ಲ. ಬಂದವರು ಅದರ ಪಕ್ಕ ನಿಂತು ಫೋಟೋ ಹೊಡೆಸಿಕೊಂಡು ಹೋದರು. ಆಡುಗಳು ಕಂಬಕ್ಕೆ ಮೈ ಉಜ್ಜಿದವು. ಬಿಸಿಲಿಗೆ ಕೆಂಪು ಅಕ್ಷರ ಗುಲಾಬಿ ಬಣ್ಣಕ್ಕೆ ತಿರುಗಿತು. ಮಹಾಬಲರು ಪ್ರತಿ ಚಳಿಗಾಲ ಬಂದು ಮೇಲೆ ಮತ್ತೆ ಪೇಂಟು ಬಳಿಯುತ್ತಿದ್ದರು. ಇವೆಲ್ಲ ದಂಡವೇ ಎಂದು ನನ್ನ ಹಳೆಯ ಚಿಂತೆ ಮತ್ತೆ ಶುರುವಾಗಿತ್ತು.

ಮೊನ್ನೆ ಒಂದು ಬಿಳಿ ಬಾಡಿಗೆ ಗಾಡಿ ಬಂತು. ಹೊಸದಾಗಿ ಮದುವೆಯಾದ ಇಬ್ಬರು. ಬೆಟ್ಟದ ಮೇಲೆ ಮೋಡವಿತ್ತು, ಷಮ್ಸಾ ಅಜ್ಜಿ ಕೋಲೂರಿ ನಿಂತು ಕೈ ಬೀಸುತ್ತಿದ್ದಳು. ಗಂಡ ಅವಳಿಗೆ ಕೈ ಬೀಸಿ ನಕ್ಕ. ಗಾಡಿ ಇಳಿಯತೊಡಗಿತು.

"ಏ ನಿಲ್ಸು, ನಿಲ್ಸು! ಕನ್ನಡ!" ಎಂದು ಹುಡುಗಿ ಕಿರುಚಿದಳು. ಬಾಗಿಲು ತೆಗೆದು ಹಾರಿ, ಬೋರ್ಡಿನ ಎದುರು ನಿಂತು ಗಟ್ಟಿಯಾಗಿ ಓದಿದಳು. ಮೊದಲು ನಗು ಬಂತು ಅವಳಿಗೆ. ಮತ್ತೊಮ್ಮೆ ಓದಿದಳು. ಅಜ್ಜಿಯ ಕಡೆ ತಿರುಗಿದಳು, ಬೆಟ್ಟದ ಕಡೆ ನೋಡಿದಳು.

"ಯಾರೋ ತಮಾಷೆಗೆ ಬರ್ದಿರ್ತಾರೆ, ಬಾರೇ. ಇಲ್ಲಿ ಬಿಸಿಲು ಹೊಡೀತಿದೆ," ಎಂದ ಗಂಡ.

"ದಮ್ಮಯ್ಯ ಅಂತ ತಮಾಷೆಗೆ ಯಾರೂ ಬರೆಯಲ್ಲ. ನೀನು ಬೇಕಾದ್ರೆ ಹೋಗು, ನಾನು ಇಲ್ಲೇ ಅಜ್ಜಿ ಜೊತೆ ಕೂತಿರ್ತೀನಿ."

ಗಂಡ ಎಂಜಿನ್ ಆರಿಸಿದ. ಸಂಜೆವರೆಗೆ ಅಜ್ಜಿ ಕೊಟ್ಟ ಖರ್ಜೂರ ತಿಂದು, ಕಹಿ ಕಾಫಿ ಕುಡಿದು ಕೂತರು. ಆ ದಿನ ಮೋಡ ಬೇರೆ ಕಡೆ ಹೋಯಿತು, ವಾದಿಯಲ್ಲಿ ಒಂದು ತೊಟ್ಟು ನೀರೂ ಬರಲಿಲ್ಲ. ಸುಮ್ಮನೆ ಒಂದು ದಿನ ಹಾಳಾಯಿತು ಎಂದು ಗಂಡ ಗೊಣಗಿದ, ಬಂದ ದಾರಿಯಲ್ಲೇ ಗಾಡಿ ತಿರುಗಿಸಿದ. ಹುಡುಗಿ ಏನೋ ಹೇಳಿ ಅವನ ಕಿವಿ ಹಿಂಡಿದಳು.

ಗೊಣಗಿಕೊಳ್ಳಲಿ ಪಾಪ. ಮನೆಗೆ ಹೋಗಿಯೂ ಗೊಣಗಲಿ, ನಾಳೆಯೂ ಗೊಣಗಲಿ. ಆ ಗಾಡಿ ಬೆಟ್ಟದ ಆಚೆ ಮರೆಯಾಗುವ ತನಕ ನಾನು ನೋಡುತ್ತಲೇ ಇದ್ದೆ. ಆಡುಗಳು ಬಂದು ನನ್ನೊಳಗಿನ ನೀರನ್ನೆಲ್ಲ ಕುಡಿದು ಮುಗಿಸಿದ್ದು ಆಮೇಲೆ ಗೊತ್ತಾಯಿತು.